ಧರಸೇನರ ಕನಸಿನ ಮರುದಿನ

ಶಿರಾ ತಾಲೂಕಿನ ಗೌಡಗೆರೆ ಸೀಮೆಯಲ್ಲಿ ಜ್ಯೇಷ್ಠ ಮಾಸವೆಂದರೆ ಆಕಾಶವನ್ನು ನೋಡುವ ಕಾಲ. ಮಳೆಯನ್ನೇ ನಂಬಿದ ಕಡಲೆಕಾಯಿ ಹೊಲಗಳ ನಾಡು ಅದು. ಪಾವಗಡದ ಕಡೆಗೂ ಮಧುಗಿರಿಯ ಕಡೆಗೂ ಇದೇ ಕಥೆ. ಜಗಲಿಯ ಮೇಲೆ ಕುಳಿತವರ ಮಾತಿನಲ್ಲಿ ಮೋಡ ಕಟ್ಟುವ ಮೊದಲೇ ಬೆಳೆ ಕೈಗೆ ಬಂದಿರುತ್ತದೆ, ಒಳ್ಳೆಯ ಧಾರಣೆಗೆ ಮಾರಾಟವಾಗಿರುತ್ತದೆ, ಸಾಲ ತೀರಿ ಮಗಳ ಮದುವೆಯೂ ನಡೆದುಹೋಗಿರುತ್ತದೆ. ಅದೇ ಹೊತ್ತಿನಲ್ಲಿ ಒಳಮನೆಯಲ್ಲಿ ಯಾರೋ ಬಿತ್ತನೆಯ ಬೀಜಕ್ಕಾಗಿ ಕಾಯಿ ಸುಲಿಯುತ್ತ ಕುಳಿತಿರುತ್ತಾರೆ. ಜಗಲಿಯವರದೂ ಒಳಮನೆಯವರದೂ ಒಂದೇ ಕನಸು. ಆದರೆ ಹದ ಬಿದ್ದ ದಿನ ಕೂರಿಗೆಗೆ ಒದಗುವುದು ಸುಲಿದಿಟ್ಟ ಬೀಜ ಮಾತ್ರ.

ಇದೇ ಜ್ಯೇಷ್ಠ ಮಾಸದ ಶುಕ್ಲ ಪಂಚಮಿಯನ್ನು ಜೈನರು ಶ್ರುತಪಂಚಮಿಯೆಂದು ಆಚರಿಸುತ್ತಾರೆ. ಅಂದು ಬಸದಿಗಳಲ್ಲಿ ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಕಟ್ಟಿ ಪೂಜಿಸುವ ಸಂಪ್ರದಾಯವಿದೆ. ಕಿವಿಯಿಂದ ಕಿವಿಗೆ ಹರಿದು ಬಂದ ಆಗಮವು ಮೊತ್ತಮೊದಲು ಗ್ರಂಥರೂಪವನ್ನು ತಳೆದು ಪೂಜೆಗೊಂಡ ದಿನವೆಂದು ಪರಂಪರೆ ಇದನ್ನು ನೆನೆಯುತ್ತದೆ. ಆ ಗ್ರಂಥ ಷಟ್ಖಂಡಾಗಮ. ಅದರ ಹುಟ್ಟಿನ ಕಥೆ ಆರಂಭವಾಗುವುದು ಒಂದು ಕನಸಿನಿಂದ.

ಕನಸೆಂದೊಡನೆ ಕನ್ನಡದ ಮಕ್ಕಳಿಗೆ ನೆನಪಾಗುವುದು ಮುಪ್ಪಿನ ಷಡಕ್ಷರಿಯವರ ತಿರುಕನ ಕನಸು. ಮುರುಕು ಧರ್ಮಶಾಲೆಯಲ್ಲಿ ಮಲಗಿದ ಭಿಕ್ಷುಕ ಕನಸಿನಲ್ಲಿ ಅರಸನಾಗುತ್ತಾನೆ, ಮದುವೆಯಾಗುತ್ತಾನೆ, ಮಕ್ಕಳನ್ನು ಪಡೆಯುತ್ತಾನೆ. ಎಚ್ಚರವಾದಾಗ ಏನೂ ಇಲ್ಲ. ತಲೆಮಾರುಗಳಿಂದ ತರಗತಿಗಳಲ್ಲಿ ಈ ಪದ್ಯವನ್ನು ನಗುತ್ತ ಓದುತ್ತ ಬಂದಿದ್ದಾರೆ. ತಿರುಕನನ್ನು ಕಂಡು ನಗುವುದು ಸುಲಭ. ನಿದ್ದೆಯಲ್ಲಿ ಬಿದ್ದ ಕನಸಿಗೆ ಅವನು ಹೊಣೆಯಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕಣ್ಣು ತೆರೆದುಕೊಂಡೇ ಕಾಣುವ ಹಗಲುಗನಸಿಗೆ ಹೊಣೆ ಯಾರು?

ಜೈನ ಶಾಸ್ತ್ರಗಳು ಈ ಪ್ರಶ್ನೆಯನ್ನು ಲಘುವಾಗಿ ಎಣಿಸಿಲ್ಲ. ತತ್ತ್ವಾರ್ಥಸೂತ್ರವು ನಾಲ್ಕು ಬಗೆಯ ಆರ್ತಧ್ಯಾನವನ್ನು ಹೇಳುವಾಗ ಕೊನೆಯದಾಗಿ ನಿದಾನವನ್ನು ಸೇರಿಸುತ್ತದೆ. ಇಲ್ಲದ ಭೋಗಕ್ಕಾಗಿ, ಬಾರದ ಸುಖಕ್ಕಾಗಿ ಮನಸ್ಸು ಹಂಬಲಿಸುತ್ತ ನಿಲ್ಲುವುದೇ ನಿದಾನ. ಅದೇ ಗ್ರಂಥ ಕರ್ಮಬಂಧದ ಕಾರಣಗಳನ್ನು ಎಣಿಸುವಾಗ ಮಿಥ್ಯಾದರ್ಶನ, ಅವಿರತಿ, ಕಷಾಯ, ಯೋಗಗಳ ಜೊತೆಗೆ ಪ್ರಮಾದವನ್ನೂ ಹೆಸರಿಸುತ್ತದೆ. ಪ್ರಮಾದವೆಂದರೆ ಬರಿಯ ಸೋಮಾರಿತನವಲ್ಲ. ಮಾಡಬೇಕಾದ ಒಳ್ಳೆಯದರಲ್ಲಿ ಆದರವಿಲ್ಲದಿರುವುದು. ಗೃಹಸ್ಥನು ದಾನದ ವಿಚಾರವನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ಮೆಲುಕು ಹಾಕಬಹುದು. ಆ ವಿಚಾರದ ಸಿಹಿಯಲ್ಲೇ ದಾನ ಮಾಡಿದಷ್ಟು ತೃಪ್ತಿಯನ್ನೂ ಪಡೆಯಬಹುದು. ಅಪಾಯವಿರುವುದು ಆ ತೃಪ್ತಿಯಲ್ಲಿಯೇ. ಪ್ರವಚನ ಕೇಳಿ ಕಣ್ಣು ಒದ್ದೆ ಮಾಡಿಕೊಂಡು ಮನೆಗೆ ಬಂದವರು ಮರುದಿನವೂ ಹಿಂದಿನಂತೆಯೇ ಇದ್ದರೆ, ಆ ಕಣ್ಣೀರು ಅವರದಲ್ಲ, ಪ್ರವಚನಕಾರರದು. ಕೇಳಿದರೆ ಕೆಲವರು ವೀರ್ಯಾಂತರಾಯ ಕರ್ಮದ ಉದಯವೆಂದು ಉತ್ತರಿಸುವುದೂ ಉಂಟು. ಅಂತರಾಯ ಕರ್ಮವಿರುವುದು ನಿಜ; ಆದರೆ ಒಮ್ಮೆಯೂ ಕೈಯೆತ್ತದವನಿಗೆ ಅಡ್ಡಿ ಬಂದದ್ದಾದರೂ ತಿಳಿಯುವುದು ಹೇಗೆ?

ಇನ್ನು ಧರಸೇನರ ಕನಸು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಸೌರಾಷ್ಟ್ರದ ಗಿರಿನಾರದ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರು ನೆಲೆಸಿದ್ದರು. ದ್ವಾದಶಾಂಗ ಶ್ರುತದ ಬಹುಭಾಗ ಆ ವೇಳೆಗೆ ನೆನಪಿನಿಂದ ಜಾರಿಹೋಗಿತ್ತು. ಕರ್ಮಪ್ರಕೃತಿಯನ್ನು ಕುರಿತ ಪೂರ್ವಾಗಮದ ಒಂದು ಭಾಗ ಅವರಿಗೆ ತಿಳಿದಿತ್ತು. ತಮಗೆ ವಯಸ್ಸಾಯಿತು, ತಾವು ಹೋದರೆ ಇದೂ ಹೋಗುತ್ತದೆ ಎಂಬ ಅಳಲು ಅವರದು. ದಕ್ಷಿಣಾಪಥದ ಮುನಿಸಂಘಕ್ಕೆ ಅವರು ಪತ್ರ ಕಳುಹಿದರು. ಗ್ರಹಿಸಿ ಧಾರಣೆ ಮಾಡಬಲ್ಲ ಇಬ್ಬರು ಮುನಿಗಳನ್ನು ಸಂಘ ಆರಿಸಿತು. ಅವರು ದಾರಿಯಲ್ಲಿರುವಾಗ, ಒಂದು ಬೆಳಗಿನ ಜಾವ, ಎರಡು ಬಿಳಿಯ ವೃಷಭಗಳು ಬಂದು ತಮ್ಮ ಪಾದಗಳಿಗೆ ಎರಗಿದಂತೆ ಧರಸೇನರಿಗೆ ಕನಸಾಯಿತು. ಎಚ್ಚೆತ್ತವರು ಶ್ರುತದೇವತೆಗೆ ಜಯಕಾರ ಹೇಳಿದರು. ಅಂದೇ ಆ ಇಬ್ಬರು ಬಂದು ನಿಂತರು. ಈ ವೃತ್ತಾಂತ ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿ ಬರುತ್ತದೆ.

ಕನಸು ನಿಜವಾಯಿತೆಂದು ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಕೈಮುಗಿಯುವವರು ಹಲವರು. ಆದರೆ ಧರಸೇನರು ಅಲ್ಲಿಗೆ ನಿಲ್ಲಲಿಲ್ಲ. ಕನಸು ಇಷ್ಟು ಸ್ಪಷ್ಟವಾಗಿ ಸೂಚಿಸಿದ್ದರೂ ಅವರು ಕನಸನ್ನೇ ಪ್ರಮಾಣವೆಂದು ಒಪ್ಪಲಿಲ್ಲ, ಬಂದವರನ್ನು ಪರೀಕ್ಷಿಸಿದರು. ಇಬ್ಬರಿಗೂ ಒಂದೊಂದು ವಿದ್ಯೆಯ ಮಂತ್ರವನ್ನು ಕೊಟ್ಟು, ಎರಡು ದಿನದ ಉಪವಾಸದೊಡನೆ ಸಾಧಿಸಿಕೊಂಡು ಬರಲು ಹೇಳಿದರು. ಒಬ್ಬರ ಮಂತ್ರದಲ್ಲಿ ಒಂದು ಅಕ್ಷರ ಹೆಚ್ಚು, ಇನ್ನೊಬ್ಬರ ಮಂತ್ರದಲ್ಲಿ ಒಂದು ಅಕ್ಷರ ಕಡಿಮೆ. ಬೇಕೆಂದೇ ಹಾಗೆ ಕೊಟ್ಟಿದ್ದರು. ಸಾಧನೆ ಫಲಿಸಿತು, ದೇವತೆಗಳು ಕಾಣಿಸಿಕೊಂಡರು. ಆದರೆ ಒಬ್ಬಳಿಗೆ ಹಲ್ಲು ಹೊರಚಾಚಿತ್ತು, ಮತ್ತೊಬ್ಬಳಿಗೆ ಒಂದೇ ಕಣ್ಣು. ದೇವತೆಗಳಿಗೆ ವಿಕಾರವಿರಲಾರದು, ತಪ್ಪು ಮಂತ್ರದಲ್ಲಿರಬೇಕು ಎಂದು ಆ ಮುನಿಗಳು ಊಹಿಸಿದರು. ಮಂತ್ರಶಾಸ್ತ್ರದ ನಿಯಮದಿಂದ ಹೆಚ್ಚಿನ ಅಕ್ಷರವನ್ನು ಕಳೆದು, ಕಡಿಮೆಯಿದ್ದುದನ್ನು ಕೂಡಿಸಿ ಮತ್ತೆ ಜಪಿಸಿದರು. ಈ ಸಲ ದೇವತೆಗಳು ಸಹಜರೂಪದಲ್ಲಿ ಕಂಡರು. ನಡೆದುದನ್ನು ಕೇಳಿದ ಗುರುಗಳು ಸಂತೋಷಪಟ್ಟು ಪಾಠ ಆರಂಭಿಸಿದರು.

ಗುರುವೇ ಕೊಟ್ಟ ಮಂತ್ರ. ಅದಕ್ಕಿಂತ ದೊಡ್ಡ ಸ್ಫೂರ್ತಿ ಯಾವುದಿದೆ? ಆದರೂ ಅದನ್ನು ಕೊಟ್ಟಂತೆಯೇ ಒಪ್ಪಿಸಿದಾಗ ಬಂದ ದೇವತೆಗೆ ಒಂದೇ ಕಣ್ಣು. ಸ್ವಂತ ಅರಿವು ಸೇರಿದ ಮೇಲೆಯೇ ರೂಪ ಪೂರ್ಣವಾಯಿತು. ಜೈನ ದರ್ಶನದ ಪರಿಭಾಷೆಯಲ್ಲಿ ಹೇಳುವುದಾದರೆ ಗುರುವಚನ, ಗ್ರಂಥ, ಸತ್ಪುರುಷರ ಚರಿತ್ರೆ ಇವೆಲ್ಲ ನಿಮಿತ್ತ; ಕಾರ್ಯವಾಗಿ ಪರಿಣಮಿಸುವುದು ಉಪಾದಾನ. ಗಡಿಗೆಗೆ ಕುಂಬಾರನೂ ಚಕ್ರವೂ ನಿಮಿತ್ತ, ಆದರೆ ಗಡಿಗೆಯಾಗುವುದು ಮಣ್ಣು. ಎಷ್ಟು ಒಳ್ಳೆಯ ಕುಂಬಾರನೂ ಮರಳಿನಿಂದ ಗಡಿಗೆ ಮಾಡಲಾರ. ಇಂದಿನ ದಿನಗಳಲ್ಲಿ ನಿಮಿತ್ತಕ್ಕೆ ಕೊರತೆಯಿಲ್ಲ. ಮೊಬೈಲಿನಲ್ಲಿ ಬೆಳಗಾದರೆ ಸುಭಾಷಿತ, ಸಂಜೆಯಾದರೆ ಪ್ರವಚನ. ಒಬ್ಬರಿಂದ ಬಂದದ್ದನ್ನು ಇನ್ನೊಬ್ಬರಿಗೆ ಕಳುಹಿಸಿದರೆ ಸ್ವಾಧ್ಯಾಯ ಮುಗಿಯಿತೆಂದು ತಿಳಿಯುವವರೂ ಇದ್ದಾರೆ. ಶಾಸ್ತ್ರ ಹೇಳುವ ಸ್ವಾಧ್ಯಾಯದಲ್ಲಿ ವಾಚನೆ ಮೊದಲನೆಯ ಮೆಟ್ಟಿಲು ಅಷ್ಟೇ. ಅದರ ಮೇಲೆ ಪ್ರಶ್ನೆ ಕೇಳುವ ಪೃಚ್ಛನೆಯಿದೆ, ಮನನ ಮಾಡುವ ಅನುಪ್ರೇಕ್ಷೆಯಿದೆ, ಉಚ್ಚಾರ ತಿದ್ದಿಕೊಂಡು ಮತ್ತೆ ಮತ್ತೆ ಪಠಿಸುವ ಆಮ್ನಾಯವಿದೆ. ಉಪದೇಶ ಬರುವುದು ಎಲ್ಲಕ್ಕಿಂತ ಕೊನೆಗೆ.

ಆಷಾಢ ಶುಕ್ಲ ಏಕಾದಶಿಯಂದು ಪಾಠ ಮುಗಿಯಿತು. ಅಂದೇ ಗುರುಗಳು ಶಿಷ್ಯರನ್ನು ಬೀಳ್ಕೊಟ್ಟರು. ಆ ಇಬ್ಬರು ಪುಷ್ಪದಂತರು ಮತ್ತು ಭೂತಬಲಿಗಳು. ಮಳೆಗಾಲವನ್ನು ಅಂಕುಲೇಶ್ವರದಲ್ಲಿ ಕಳೆದ ಮೇಲೆ ಭೂತಬಲಿಗಳು ದ್ರವಿಡ ದೇಶದ ಕಡೆಗೆ ನಡೆದರು. ಪುಷ್ಪದಂತರು ವನವಾಸಿ ದೇಶಕ್ಕೆ, ಎಂದರೆ ಕನ್ನಡಿಗರ ಬನವಾಸಿ ನಾಡಿಗೆ ಬಂದರು. ಅಲ್ಲಿ ಅವರು ಜಿನಪಾಲಿತನಿಗೆ ದೀಕ್ಷೆ ಕೊಟ್ಟರು. ಸತ್ಪ್ರರೂಪಣೆಯ ಸೂತ್ರಗಳನ್ನು ರಚಿಸಿ ಅವನಿಗೆ ಕಲಿಸಿದರು. ಒಟ್ಟು 177 ಸೂತ್ರಗಳು. ಆರು ಖಂಡಗಳಾಗಿ ಬೆಳೆಯಬೇಕಾದ ಮಹಾಗ್ರಂಥದಲ್ಲಿ ಅದು ಬಾಗಿಲಿನಷ್ಟೇ. ಪುಷ್ಪದಂತರು ಉಳಿದುದಕ್ಕಾಗಿ ಕಾಯಲಿಲ್ಲ. ಅಷ್ಟನ್ನೇ ಜಿನಪಾಲಿತನ ಮೂಲಕ ಭೂತಬಲಿಗಳಿಗೆ ಕಳುಹಿಸಿದರು.

ಜಿನಪಾಲಿತನ ಬಾಯಿಂದ ಸೂತ್ರಗಳನ್ನು ಕೇಳಿದ ಭೂತಬಲಿಗಳಿಗೆ ಎರಡು ಸಂಗತಿಗಳು ಅರಿವಾದವು. ಗೆಳೆಯನ ಸಂಕಲ್ಪವೇನೆಂಬುದು ಒಂದು, ಗೆಳೆಯನ ಆಯುಷ್ಯ ಹೆಚ್ಚು ಉಳಿದಿಲ್ಲವೆಂಬುದು ಇನ್ನೊಂದು. ಇದು ಇಲ್ಲಿಗೇ ನಿಂತರೆ ಕರ್ಮಪ್ರಕೃತಿಯ ಜ್ಞಾನ ವಿಚ್ಛಿನ್ನವಾಗುತ್ತದೆಂಬ ಚಿಂತೆ ಅವರನ್ನು ಹಿಡಿಯಿತು. ಪುಷ್ಪದಂತರು ಬಿಟ್ಟಲ್ಲಿಂದ ಅವರು ಮುಂದುವರಿಸಿದರು. ಆರನೆಯ ಖಂಡವಾದ ಮಹಾಬಂಧದವರೆಗೆ ರಚಿಸಿ ಮುಗಿಸಿದರು.

ಹಗಲುಗನಸಿಗೂ ಕಾರ್ಯಕ್ಕೂ ಇರುವ ಅಂತರ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. ಕನಸು ಎಷ್ಟೇ ಪೂರ್ಣವಾಗಿದ್ದರೂ ಅದನ್ನು ಕಂಡವನೊಡನೆಯೇ ಅಳಿಯುತ್ತದೆ. ಇನ್ನೊಬ್ಬರು ಅದನ್ನು ಮುಂದುವರಿಸಲು ಬರುವುದಿಲ್ಲ, ಏಕೆಂದರೆ ಅದು ಎಲ್ಲಿಗೆ ನಿಂತಿತೆಂದು ಅವರಿಗೆ ತಿಳಿಯದು. ಅರ್ಧಕ್ಕೆ ನಿಂತ ಕೆಲಸಕ್ಕೆ ಒಂದು ಅಂಚಿರುತ್ತದೆ. ಆ ಅಂಚನ್ನು ಹಿಡಿದು ಮತ್ತೊಬ್ಬರು ನೇಯ್ಗೆ ಮುಂದುವರಿಸಬಹುದು. ಪುಷ್ಪದಂತರು ಇಡೀ ಆಗಮದ ಸುಂದರ ಕಲ್ಪನೆಯೊಂದನ್ನು ಮನಸ್ಸಿನಲ್ಲಿ ಹೊತ್ತು ಬನವಾಸಿಯಲ್ಲಿಯೇ ದೇಹವಿಟ್ಟಿದ್ದರೆ ಭೂತಬಲಿಗಳಿಗೆ ಏನೂ ತಲುಪುತ್ತಿರಲಿಲ್ಲ.

ಜೈನ ವಾಙ್ಮಯದ ಇತಿಹಾಸವೇ ಹೀಗೆ ಅಂಚು ಹಿಡಿದು ನೇಯ್ದದ್ದು. ಷಟ್ಖಂಡಾಗಮಕ್ಕೆ ವೀರಸೇನರು 72,000 ಶ್ಲೋಕ ಪ್ರಮಾಣದ ಧವಲಾ ಟೀಕೆಯನ್ನು 816ರಲ್ಲಿ ಮುಗಿಸಿದರು. ಆಮೇಲೆ ಕಷಾಯಪ್ರಾಭೃತಕ್ಕೆ ಜಯಧವಲಾ ಟೀಕೆಯನ್ನು ಆರಂಭಿಸಿ, 20,000 ಶ್ಲೋಕದಷ್ಟು ಬರೆದು ಕಾಲವಾದರು. ಶಿಷ್ಯ ಜಿನಸೇನರು 40,000 ಶ್ಲೋಕ ಸೇರಿಸಿ 837ರಲ್ಲಿ ಅದನ್ನು ಪೂರ್ಣಗೊಳಿಸಿದರು. ಅದೇ ಜಿನಸೇನರು ಮಹಾಪುರಾಣವನ್ನು ಕೈಗೆತ್ತಿಕೊಂಡರು. ಅದೂ ಅರ್ಧಕ್ಕೆ ಉಳಿಯಿತು, ಶಿಷ್ಯ ಗುಣಭದ್ರರು ಮುಗಿಸಿದರು. ಮುಗಿಸಲಾರೆನೆಂಬ ಭಯದಿಂದ ಆರಂಭಿಸದೆ ಕುಳಿತವರು ಈ ಸಾಲಿನಲ್ಲಿ ಒಬ್ಬರೂ ಇಲ್ಲ.

ಜಿನಸೇನರ ಆ ಪುರಾಣವೇ ಪಂಪನಿಗೆ ಆಕರ. ಕಥೆ ಪಂಪನದಲ್ಲ, ವೃಷಭನಾಥರ ಭವಾವಳಿ, ಭರತ ಬಾಹುಬಲಿಯರ ಯುದ್ಧ ಎಲ್ಲವೂ ಪೂರ್ವಾಚಾರ್ಯರಿಂದ ಬಂದದ್ದು. ಆದರೂ 941ರಲ್ಲಿ ಮುಗಿದ ಆದಿಪುರಾಣವನ್ನು ಯಾರೂ ಅನುವಾದವೆಂದು ಕರೆಯುವುದಿಲ್ಲ. ನೀಲಾಂಜನೆಯ ನೃತ್ಯದ ನಡುವೆ ಅವಳ ಆಯುಷ್ಯ ತೀರಿ, ವೃಷಭದೇವನಲ್ಲಿ ವೈರಾಗ್ಯ ಹುಟ್ಟುವ ಗಳಿಗೆ ಕನ್ನಡ ಓದುಗನಿಗೆ ಪಂಪನದಾಗಿಯೇ ತಲುಪುತ್ತದೆ. ಎರವಲು ತಂದ ಸ್ಫೂರ್ತಿಯ ಋಣ ತೀರಿಸುವ ಬಗೆ ಇದು. ತನ್ನ ಎರಡು ಕಾವ್ಯಗಳಲ್ಲಿ ಒಂದು ಮೂರು ತಿಂಗಳಲ್ಲಿ, ಇನ್ನೊಂದು ಆರು ತಿಂಗಳಲ್ಲಿ ಮುಗಿಯಿತೆಂದು ಪಂಪನೇ ಹೇಳಿಕೊಂಡಿದ್ದಾನೆ. ಕವಿಗಳಿಗೆ ಸ್ಫೂರ್ತಿ ಬರುವ ಮುಹೂರ್ತಕ್ಕಾಗಿ ಕಾಯುವವರು ಈ ಲೆಕ್ಕವನ್ನು ಗಮನಿಸಬೇಕು. ತಿಂಗಳುಗಳನ್ನು ಎಣಿಸಿದವನು ದಿನವೂ ಬರೆದಿರಲೇಬೇಕು. ಮುದುವೊಳಲಿನ ಬಳೆಗಾರರ ಮನೆಯ ರನ್ನನ ಸಂಗತಿಯೂ ಹೀಗೆಯೇ. ವಿದ್ಯೆಯ ಹಂಬಲ ಹೊತ್ತ ಆ ಹುಡುಗ ಊರು ಬಿಟ್ಟು ಅಜಿತಸೇನಾಚಾರ್ಯರ ಬಳಿಗೆ ಹೋಗದಿದ್ದರೆ, ಹಂಬಲ ಬಳೆಯ ಮಲಾರದಲ್ಲಿಯೇ ಉಳಿಯುತ್ತಿತ್ತು.

ಶ್ರವಣಬೆಳಗೊಳದ ಕಥೆಯನ್ನು ಎಲ್ಲರೂ ಬಲ್ಲರು. ಪೌದನಪುರದಲ್ಲಿ ಭರತನು ಮಾಡಿಸಿದ ಬಾಹುಬಲಿಯ ಮೂರ್ತಿಯ ವಿಚಾರ ಕೇಳಿದ ಕಾಳಲಾದೇವಿ ಅದನ್ನು ಕಾಣುವ ವ್ರತ ತೊಟ್ಟಳು. ಮಗ ಚಾವುಂಡರಾಯ ತಾಯಿಯನ್ನು ಕರೆದುಕೊಂಡು ಹೊರಟ. ಬೆಳಗೊಳದಲ್ಲಿ ತಂಗಿದ ರಾತ್ರಿ, ಪೌದನಪುರದ ದಾರಿ ದುರ್ಗಮವೆಂದೂ ಚಿಕ್ಕಬೆಟ್ಟದಿಂದ ಬಾಣ ಬಿಟ್ಟರೆ ಎದುರಿನ ಬೆಟ್ಟದಲ್ಲಿಯೇ ದರ್ಶನವಾಗುವುದೆಂದೂ ಕನಸಾಯಿತು. ಐತಿಹ್ಯ ಚಿನ್ನದ ಬಾಣದ ಬಗ್ಗೆ ಉತ್ಸಾಹದಿಂದ ಮಾತನಾಡುತ್ತದೆ. ಬಾಣ ಬೆಟ್ಟ ಮುಟ್ಟಲು ಬೇಕಾದದ್ದು ಒಂದು ಗಳಿಗೆ. ಆಮೇಲಿನ ಉಳಿಯ ಏಟುಗಳನ್ನು ಎಣಿಸಿದವರಿಲ್ಲ. 981ರ ಸುಮಾರಿಗೆ ನಿಂತ 58 ಅಡಿಯ ಆ ಮೂರ್ತಿಯ ಬೆರಳುಗಳ ನಯ, ತುಟಿಯ ಮಂದಹಾಸ ಇವು ಬಾಣದಿಂದ ಬಂದವಲ್ಲ. ಕಾಣಹೊರಟದ್ದು ಇನ್ನೊಬ್ಬರು ಮಾಡಿಸಿದ ಮೂರ್ತಿ. ಅದು ಸಿಗದಾಗ ಮರಳಿ ಹೋಗದೆ ತಾವೇ ಮಾಡಿಸಿದರು.

ಅರಸರಿಗೂ ಮಂತ್ರಿಗಳಿಗೂ ಮಾತ್ರ ಇದು ಸಾಧ್ಯವೆಂದು ಗೌಡಗೆರೆ ಕಡೆಯ ಓದುಗರು ಹೇಳಬಹುದು. ಅವರ ನೆರೆಯ ಪಾವಗಡ ತಾಲೂಕಿನಲ್ಲಿಯೇ ನಿಡುಗಲ್ಲು ಬೆಟ್ಟವಿದೆ. ಅಲ್ಲಿಂದ ಆಳಿದ ಇರುಂಗೋಳನ ಕಾಲದಲ್ಲಿ, 1232ರಲ್ಲಿ, ಗಂಗೇಯನ ಮಾರೆಯ ಎಂಬಾತ ಆ ದುರ್ಗದ ಬೆಟ್ಟದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಬಿಸಿಲಿಗೆ ಕಾದ ಬಂಡೆಗಳ, ಮಳೆ ಕಡಿಮೆಯ ಆ ನಾಡಿನಲ್ಲಿ ಬೆಟ್ಟದ ಮೇಲಕ್ಕೆ ಒಂದೊಂದು ಕಲ್ಲನ್ನೂ ಸಾಗಿಸುವುದೆಂದರೆ ಏನೆಂಬುದು ಆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರೆಯನ ಮನಸ್ಸಿನಲ್ಲಿ ಇನ್ನೆಷ್ಟು ಬಸದಿಗಳ ಕನಸಿತ್ತೋ ತಿಳಿಯದು. ಶಾಸನಕ್ಕೆ ಸೇರಿದ್ದು ಕಟ್ಟಿದ ಒಂದು.

ಷಟ್ಖಂಡಾಗಮದ ಕಥೆ ಮುಗಿದಿಲ್ಲ. ಬರೆದದ್ದಷ್ಟಕ್ಕೇ ಅದು ಉಳಿಯಲಿಲ್ಲ. ಪ್ರತಿ ಮಾಡುವವರು ಬೇಕಾದರು. ಮಹಾಬಂಧದ ಒಂದು ತಾಳೆಪ್ರತಿಯನ್ನು ಮಲ್ಲಿಕಬ್ಬೆ ಎಂಬ ಶ್ರಾವಿಕೆ ಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಬರೆಯಿಸಿ ಹಂಚಿದ್ದು ಪ್ರಸಿದ್ಧವಾಗಿದೆ. ಓದಿ ಮೆಚ್ಚಿದ್ದನ್ನು ಬಾಯಲ್ಲಿ ಹೊಗಳಿ ಬಿಡುವುದು ಆಗಲೂ ಸುಲಭವಾಗಿತ್ತು. ಮೆಚ್ಚುಗೆಯನ್ನು ಓಲೆ ಮತ್ತು ಕಂಠಗಳಾಗಿ, ಬರೆಯುವವರ ಕೂಲಿಯಾಗಿ ಲೆಕ್ಕ ಹಾಕಿದವರು ಈ ಹೆಂಗಸರು.

ಕಾಲ ಕಳೆದಂತೆ ಧವಲಾ, ಜಯಧವಲಾ, ಮಹಾಧವಲಾ ಎಂದು ಕರೆಯುವ ಈ ಗ್ರಂಥಗಳ ಹಳಗನ್ನಡ ಲಿಪಿಯ ತಾಳೆಗರಿಗಳು ಉಳಿದದ್ದು ಮೂಡುಬಿದಿರೆಯ ಬಸದಿಯೊಂದರಲ್ಲಿ. ದೇಶದ ಮೂಲೆಮೂಲೆಗಳಿಂದ ಯಾತ್ರಿಕರು ಬರುತ್ತಿದ್ದರು. ಜಿನಬಿಂಬಗಳ ದರ್ಶನ ಮಾಡಿದಂತೆ ಸಿದ್ಧಾಂತ ಗ್ರಂಥಗಳ ದರ್ಶನ ಮಾಡಿ, ಆರತಿ ಎತ್ತಿ, ಹಿಂದಿರುಗುತ್ತಿದ್ದರು. ಶತಮಾನಗಳ ಕಾಲ ಹೀಗೆ ನಡೆಯಿತು. ಅದರಲ್ಲಿ ಭಕ್ತಿಗೆ ಕೊರತೆಯಿತ್ತೆಂದು ಯಾರೂ ಹೇಳಲಾರರು. ಆ ಗ್ರಂಥಗಳನ್ನು ಅಷ್ಟು ಕಾಲ ಗೆದ್ದಲಿನಿಂದ, ತೇವದಿಂದ, ಕಳ್ಳರಿಂದ ಕಾಪಾಡಿದ್ದೂ ಆ ಭಕ್ತಿಯೇ. ಆದರೆ ಒಳಗೆ ಏನು ಬರೆದಿದೆಯೆಂದು ಓದಿದವರು ವಿರಳ. ಗರಿಗಳು ಮಾತ್ರ ಸದ್ದಿಲ್ಲದೆ ಮುರಿಯುತ್ತಿದ್ದವು. ಭೂತಬಲಿಗಳು ಯಾವ ವಿಚ್ಛೇದಕ್ಕೆ ಅಂಜಿ ಲೇಖನಿ ಹಿಡಿದರೋ ಅದು ಈಗ ಪೂಜೆಯ ನಡುವೆಯೇ ಸಮೀಪಿಸುತ್ತಿತ್ತು.

19ನೆಯ ಶತಮಾನದ ಕೊನೆಯಲ್ಲಿ ಯಾತ್ರೆಗೆ ಬಂದ ಮುಂಬಯಿ, ಸೊಲ್ಲಾಪುರಗಳ ಕೆಲವು ಶ್ರಾವಕರಿಗೆ ಈ ಯೋಚನೆ ಹೊಳೆಯಿತು: ದರ್ಶನ ಸಾಲದು, ಪ್ರತಿ ಮಾಡಿಸಬೇಕು. 1896ರ ಹೊತ್ತಿಗೆ ಕೆಲಸ ತೊಡಗಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮೀರಜಿನ ಗಜಪತಿ ಉಪಾಧ್ಯಾಯರೂ ಮೂಡುಬಿದಿರೆಯಲ್ಲಿ ಕುಳಿತು, ಮಾಸಿದ ಗರಿಗಳ ಅಕ್ಷರಗಳನ್ನು ಬಿಡಿಸಿ ಬರೆಯತೊಡಗಿದರು. ನಡುವೆ ಶಾಸ್ತ್ರಿಗಳು ತೀರಿಕೊಂಡರು, ಉಪಾಧ್ಯಾಯರು ಮುಂದುವರಿಸಿದರು. ಅವರ ಪತ್ನಿ ಲಕ್ಷ್ಮೀಬಾಯಿಯವರೂ ಕನ್ನಡದಲ್ಲಿ ಪ್ರತಿ ಮಾಡುವ ಕೆಲಸಕ್ಕೆ ಕೈಜೋಡಿಸಿದರು. ಬೇರೆ ಬೇರೆ ಕೈಗಳು ಸೇರಿ, ಎಲ್ಲ ಗ್ರಂಥಗಳ ಪ್ರತಿ ಮುಗಿಯುವಾಗ 1922 ಆಗಿತ್ತು. ಅಮರಾವತಿಯಲ್ಲಿ ಪ್ರಾಧ್ಯಾಪಕರಾಗಿದ್ದ ಹೀರಾಲಾಲ್ ಜೈನ್ ಅವರು ಸಹೋದ್ಯೋಗಿ ಪಂಡಿತರೊಡನೆ ಧವಲಾದ ಮೊದಲ ಸಂಪುಟವನ್ನು ಅಚ್ಚು ಮಾಡಿಸಿದ್ದು 1939ರಲ್ಲಿ. ಹದಿನಾರನೆಯ ಸಂಪುಟ ಹೊರಬರಲು ಮತ್ತೆ ಸುಮಾರು 20 ವರ್ಷಗಳು ಬೇಕಾದವು.

ಈಗ ಶ್ರುತಪಂಚಮಿಯ ಪೀಠದ ಮೇಲೆ ಅನೇಕ ಬಸದಿಗಳಲ್ಲಿ ಆ ಅಚ್ಚಿನ ಸಂಪುಟಗಳೇ ಇರುತ್ತವೆ. ಅಷ್ಟದ್ರವ್ಯಗಳ ಪೂಜೆ ಮುಗಿದ ಮೇಲೆ ವಸ್ತ್ರದ ಗಂಟನ್ನು ಬಿಚ್ಚಿ ಓದುವವರಿದ್ದರೆ, ಮೊದಲೆರಡು ಸಂಪುಟಗಳಲ್ಲಿ ಪುಷ್ಪದಂತರ 177 ಸೂತ್ರಗಳು, ಅವಕ್ಕೆ ವೀರಸೇನರ ವಿವರಣೆ ಸಿಗುತ್ತವೆ. ಬನವಾಸಿಯಿಂದ ಜಿನಪಾಲಿತ ಹೊತ್ತು ತಂದದ್ದು ಅಲ್ಲಿಗೆ ಮುಗಿಯುತ್ತದೆ. ಮೂರನೆಯ ಸಂಪುಟವನ್ನು ತೆರೆದರೆ ಭೂತಬಲಿಗಳ ಸೂತ್ರಗಳು ಆರಂಭವಾಗಿರುತ್ತವೆ.